ಏಳನೆಯ ಮನೆಯ ಹೋಳಿಗೆ

ದಾವಣಗೆರೆಯ ಜವಳಿ ವ್ಯಾಪಾರಿ ಗುರುಪಾದಪ್ಪನವರ ಮನೆಯಲ್ಲಿ ಮೂರು ಸಂಸಾರ, ಒಂದೇ ಕಾರು. ತಮಗೆ ಬೇಕಾದಾಗ ಕಾರು ಮನೆಯಲ್ಲಿರುವುದಿಲ್ಲವೆಂದು ಅವರು ಒಂದು ದಿನ ರೇಗಿದರು. ಡ್ರೈವರನನ್ನು ಕರೆದು, "ನಾನು ಕೂತಿರದೆ ಕಾರು ಗೇಟು ದಾಟಿದರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ" ಅಂದರು.

"ಆಗಲಿ ಯಜಮಾನ್ರೆ" ಅಂದ ಡ್ರೈವರ್.

ಮಾರನೆಯ ದಿನ ಶ್ರಾವಣ ಶುಕ್ರವಾರ. ಹೆಂಡತಿ, ಸೊಸೆಯರು ರೇಷ್ಮೆ ಸೀರೆಯುಟ್ಟು ಒಂಬತ್ತು ಮನೆಗೆ ಕುಂಕುಮಕ್ಕೆ ಹೊರಟರು. ಡ್ರೈವರ್ ಮುಂದಿನ ಬಾಗಿಲು ತೆರೆದು ನಿಂತ. "ಹತ್ರಿ ಯಜಮಾನ್ರೆ. ನೀವಿಲ್ಲದೆ ಗಾಡಿ ಹೊರಡೋ ಹಾಗಿಲ್ಲ." ಹೆಂಡತಿ ನೋಡುತ್ತಿದ್ದಳು. ಗುರುಪಾದಪ್ಪನವರು ಹತ್ತಿದರು.

ತಾವು ಕಾರಿನಲ್ಲೇ ಕೂತಿರುವುದೆಂದು ಅವರ ಲೆಕ್ಕ. ಡ್ರೈವರ್ ಪ್ರತಿ ಮನೆಯಲ್ಲೂ, "ಯಜಮಾನ್ರೂ ಬಂದಾರೆ" ಎಂದು ಹೇಳಿಬಂದ. ಹಿರಿಯರನ್ನು ಬೀದಿಯಲ್ಲೇ ಕೂರಿಸುವ ಮನೆ ನಮ್ಮೂರಲ್ಲಿಲ್ಲ. ಕೈ ಹಿಡಿದು ಒಳಗೆ ಕರೆದೊಯ್ದರು. ಎಲ್ಲ ಕಡೆಯೂ ತುಪ್ಪ ಸುರಿದ ಹೋಳಿಗೆ. ಒಂದೇ ಸಾಕೆಂದರೆ ಬಿಡುವವರಿಲ್ಲ.

ಏಳನೆಯ ಮನೆಯ ಮುಂದೆ ಗುರುಪಾದಪ್ಪನವರು ಸೀಟಿನಲ್ಲಿ ತಲೆ ತಗ್ಗಿಸಿದರು. "ಇಲ್ಲಿ ಹೇಳಬೇಡವೋ."

"ಹೇಳಿ ಆಯ್ತಲ್ಲ ಯಜಮಾನ್ರೆ. ಹೋಳಿಗೆ ಹಂಚಿನ ಮೇಲೆ ಹಾಕ್ಯಾರೆ."

"ನನ್ನ ಮಾತು ವಾಪಸ್. ಯಾರಿಗೆ ಬೇಕೋ ಅವರನ್ನ ಕರ್ಕೊಂಡು ಹೋಗು!"

ಇಳಿದವರು ಅಂಗಡಿಗೆ ನಡೆದೇ ಬಂದರು. ಈಗಲೂ ನಡೆದೇ ಬರುತ್ತಾರೆ. ಡಾಕ್ಟರು ಹೇಳಿದ್ದು ಎಂದು ಪಕ್ಕದಂಗಡಿಯ ನನಗೆ ಹೇಳುತ್ತಾರೆ.