ರಾಟೆಗೆ ಕಟ್ಟಿದ ಗೆಜ್ಜೆ

"ಗುರುಗಳೇ, ದಾಸೋಹದ ಅಡುಗೆಮನೆಯ ಹೆಂಗಸರ ಮೇಲೆ ನನಗೆ ಅನುಮಾನ," ಎಂದ ಉಸ್ತುವಾರಿ ಹೊತ್ತಿದ್ದ ಶಿಷ್ಯ ನಿರ್ವಾಣಯ್ಯ. "ಮೊದಲು ಹೀಗಿರಲಿಲ್ಲ. ಈಗ ಒಂದು ದಿನ ಅನ್ನ ಸೀದಿರುತ್ತದೆ, ಇನ್ನೊಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿರುತ್ತದೆ. ನಾನು ಬೆನ್ನ ಹಿಂದೆಯೇ ನಿಂತು ಕಾಯುತ್ತೇನೆ, ಆದರೂ ಕೆಡುತ್ತದೆ. ಬೇಕೆಂದೇ ಮಾಡುತ್ತಿದ್ದಾರೆ. ಬಿಡಿಸಿಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೇಷ್ಮೆ ವರ್ತಕನಿದ್ದ. ಅವನಲ್ಲಿ ಆರು ಮಂದಿ ಹೆಂಗಸರು ಗೂಡು ಬೇಯಿಸಿ ರಾಟೆಯಲ್ಲಿ ನೂಲು ತೆಗೆಯುತ್ತಿದ್ದರು. ಊರಿಗೇ ಒಳ್ಳೆಯ ನೂಲು. ಆದರೆ ವರ್ತಕನಿಗೆ ಅನುಮಾನ ಹುಟ್ಟುಗುಣ. ತಾನು ಅತ್ತ ತಿರುಗಿದೊಡನೆ ಇವರು ಇತ್ತ ಕೈಕಟ್ಟಿ ಕೂರುತ್ತಾರೆಂದು ಅವನಿಗೆ ಊಟವೂ ಸೇರದು. ಕೊನೆಗೆ ಒಂದೊಂದು ರಾಟೆಗೂ ಗೆಜ್ಜೆ ಕಟ್ಟಿಸಿದ. ರಾಟೆ ನಿಂತರೆ ಗೆಜ್ಜೆಯೂ ನಿಲ್ಲುತ್ತದೆ, ಜಗಲಿಯಲ್ಲಿ ಕೂತವನಿಗೆ ಗೊತ್ತಾಗುತ್ತದೆ. ನಿಲ್ಲಿಸಿದವಳಿಗೆ ಬೈಗುಳ. ಮೂರು ಸಲ ನಿಲ್ಲಿಸಿದವಳಿಗೆ ಮನೆಯ ದಾರಿ.

ಅಂದಿನಿಂದ ಗೆಜ್ಜೆ ನಿಲ್ಲಲೇ ಇಲ್ಲ. ವರ್ತಕ ಹಿಗ್ಗಿದ.

ತಿಂಗಳೊಳಗೆ ನೇಕಾರ ಬಂದು ನೂಲನ್ನು ಜಗಲಿಗೆ ಎಸೆದು ಹೋದ. ನೋಡಲು ತುಂಬಿದ ಲಡಿ, ಎಳೆದರೆ ಬರೀ ತುಂಡು. ಹೆಂಗಸರೆಲ್ಲ ಸೇರಿ ತನ್ನನ್ನು ಮುಳುಗಿಸಲು ಹೊಂಚು ಹಾಕಿದ್ದಾರೆ ಎಂದು ವರ್ತಕನ ಮೈ ಉರಿಯಿತು. ಉಳಿದವರಿಗೆ ಕೆಲಸ ಕಲಿಸಿದ ಹಿರಿಯಳೇ ಇದಕ್ಕೆ ಮುಂದಾಳು ಇರಬೇಕು. ಅವಳನ್ನು ಕರೆಸಿದ. ಬಂದವಳ ಬೆರಳು ನಡುಗುತ್ತಿದ್ದವು. ಸಿಕ್ಕಿಬಿದ್ದದ್ದಕ್ಕೇ ಈ ನಡುಕ ಎಂದುಕೊಂಡ.

"ಇಪ್ಪತ್ತು ವರ್ಷ ಕೆಡದ ನೂಲು ಈಗ್ಯಾಕೆ ಕೆಡ್ತು? ಯಾರು ಹೇಳಿಕೊಟ್ರು ನಿಮಗೆ?"

"ಎಳೆ ಕಿತ್ತೋದ್ರೆ ರಾಟೆ ನಿಲ್ಸಿ ಗಂಟು ಹಾಕ್ಬೇಕು, ಸಾವ್ಕಾರ್ರೇ. ನಿಲ್ಸಿದ್ರೆ ಗೆಜ್ಜೆ ನಿಂತೋಯ್ತದೆ. ಹೊಟ್ಟೆಪಾಡಿನ ಭಯ, ಕಿತ್ತಿದ್ದನ್ನ ಹಂಗೇ ಸುತ್ತಿಬಿಟ್ವಿ. ಈಗೀಗ ಕೈ ನಡುಗಿ ಎಳೆಯೂ ಜಾಸ್ತಿ ಕೀಳ್ತದೆ."

ವರ್ತಕನಿಗೆ ಅದೂ ಕಟ್ಟುಕತೆಯಾಗಿಯೇ ಕೇಳಿಸಿತು. ಅವಳನ್ನು ಅಂದೇ ಬಿಡಿಸಿದ. ಉಳಿದವರ ರಾಟೆಗೆ ಇನ್ನೊಂದೊಂದು ಗೆಜ್ಜೆ ಕಟ್ಟಿಸಿದ.

ನಿರ್ವಾಣಯ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ದಡ್ಡ, ಗುರುಗಳೇ! ಕೆಡಿಸಿದ್ದು ಗೆಜ್ಜೆಯೇ ಎಂದು ಅವನಿಗೆ ಹೊಳೆಯಲೇ ಇಲ್ಲವೇ?"

ಗುರುಗಳು ಕೇಳಿದರು: "ಸಾರಿಗೆ ಎರಡನೆಯ ಸಲ ಉಪ್ಪು ಬೀಳುವಾಗ ನೀನು ಎಲ್ಲಿ ನಿಂತಿದ್ದೆ?"