ಹಲಗೆಮನೆಯ ಬಾಗಿಲು ತೆಗೆಸಿದ ಜಂಬಣ್ಣ

ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ಬಹಳ ಹಿಂದೆ, ಗುಡ್ಡದ ಮೇಲಿನ ಈ ನಮ್ಮೂರಿಗೆ ಬೇಸಿಗೆ ಬಂತೆಂದರೆ ಬಯಲುಸೀಮೆಯ ದೊಡ್ಡ ಜನ ತಂಪಿಗೆ ಬರುತ್ತಿದ್ದರಂತೆ. ಅವರು ಕುಣಿಯಲೆಂದೇ ಒಂದು ಡ್ಯಾನ್ಸ್ ಹಾಲ್ ಇತ್ತು. ನೆಲಕ್ಕೆಲ್ಲ ತೇಗದ ಹಲಗೆ ಹಾಸಿದ್ದರಿಂದ ನಮ್ಮವರು ಅದನ್ನು ಹಲಗೆಮನೆ ಅನ್ನುತ್ತಿದ್ದರು. ಆ ಹಲಗೆಗೆ ಮೇಣ ತಿಕ್ಕುತ್ತಿದ್ದವರೂ ನಮ್ಮವರೇ. ಬ್ಯಾಂಡು ಶುರುವಾದ ಮೇಲೆ ಮಾತ್ರ ನಮ್ಮವರು ಕಿಟಕಿಯ ಹೊರಗೆ.

ಸೀಸನ್ನಿನ ಕೊನೆಗೆ ಅಲ್ಲಿ ವೇಷದ ಪಂದ್ಯ ನಡೆಯುತ್ತಿತ್ತು. ಒಂದು ವರ್ಷ ಅದಕ್ಕೆ ಹಗಲುವೇಷದ ಜಂಬಣ್ಣ ಬಂದ. ಊರೂರು ಅಲೆದು, ಮನೆಮನೆ ಮುಂದೆ ವೇಷ ಕಟ್ಟಿ ಹೊಟ್ಟೆ ಹೊರೆಯುವವ. ಅವನು ಮುದುಕಿಯ ವೇಷ ಹಾಕಿದರೆ ಕಂಡವರ ಮೊಮ್ಮಕ್ಕಳು ಅಜ್ಜಿ ಅಂತ ಸೆರಗು ಹಿಡಿದು ಹಿಂದೆ ಹೋಗುತ್ತಿದ್ದವಂತೆ.

ಮ್ಯಾನೇಜರ್ ಪಿಳ್ಳೆ ಅವನನ್ನು ಬಾಗಿಲಲ್ಲೇ ತಡೆದ. "ಇದು ಮೋಜಿಗೆ ವೇಷ ಹಾಕೋರ ಜಾಗ, ತಿರುಪೆಯವರದ್ದಲ್ಲ" ಅಂದ. ಒಳಗಿದ್ದವರು ನಕ್ಕರು. ಜಂಬಣ್ಣನ ಮುಖದ ಬಣ್ಣ ಬೆವರಿಗೆ ಇಳಿಯಿತು ಅನ್ನುತ್ತಾರೆ.

"ಬರೋ ವರ್ಷ ಬರ್ತೀನಿ ಸ್ವಾಮಿ. ನನ್ನ ಗುರುತು ಹಿಡಿದ್ರೆ ಈ ಬಣ್ಣದ ಪೆಟ್ಟಿಗೆ ಕೆರೆಗೆ ಎಸೀತೀನಿ. ಹಿಡೀದಿದ್ರೆ ಈ ಬಾಗಿಲು ಎಲ್ಲರಿಗೂ ತೆಗೀಬೇಕು."

ಎಲ್ಲರೆದುರು ಪಿಳ್ಳೆ ಹೂಂ ಅಂದುಬಿಟ್ಟ.

ಅಂದವನಿಗೆ ಆಮೇಲೆ ಹೆದರಿಕೆ ಹತ್ತಿತು. ಕಳ್ಳರನ್ನು ಹಿಡಿದು ಪಳಗಿದವರು ಯಾರಾದರೂ ಬೇಕು ಅಂತ ಕೆಳಗಿನ ಪೇಟೆಗೆಲ್ಲ ಹೇಳಿ ಕಳಿಸಿದ. ಮರುವರ್ಷ ಪಂದ್ಯಕ್ಕೆ ವಾರವಿರುವಾಗ ಒಬ್ಬ ರಿಟೈರ್ಡ್ ಇನ್ಸ್‌ಪೆಕ್ಟರ್ ಬಂದರು. ನರೆತ ಮೀಸೆ, ಕುಂಟುಗಾಲು, ಗದರುವ ದನಿ. ವಾರವಿಡೀ ಪಿಳ್ಳೆಯ ಮನೆಯಲ್ಲೇ ಊಟ, ಸಾರಿಗೆ ಉಪ್ಪು ಜಾಸ್ತಿ ಅಂತ ಅಡುಗೆಯವನ ಮೇಲೆ ದಿನಾ ರೇಗಾಟ.

ಪಂದ್ಯದ ಸಂಜೆ ಅವರಿಬ್ಬರೂ ಬಾಗಿಲಲ್ಲಿ ನಿಂತು ಬಂದಬಂದವರ ಮೀಸೆ ಜಗ್ಗಿ ನೋಡಿದರು. ಒಬ್ಬ ಜಮೀನ್ದಾರರದು ಸ್ವಂತ ಮೀಸೆ. ಅವರು ಕೂಗಿಕೊಂಡದ್ದು ಕೆರೆಯಾಚೆಗೂ ಕೇಳಿಸಿತಂತೆ. ಜಂಬಣ್ಣ ಮಾತ್ರ ಸಿಗಲಿಲ್ಲ. ಬಹುಮಾನ ಕೊಡುವ ಹೊತ್ತಿಗೆ ಪಿಳ್ಳೆ ಎದೆಯುಬ್ಬಿಸಿ, ಅವನಿಗೆ ಬರುವ ಧೈರ್ಯವೇ ಆಗಲಿಲ್ಲ ಅಂತ ಸಾರಿದ.

ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ತನ್ನ ಮೀಸೆ ಕಿತ್ತು ಪಿಳ್ಳೆಯ ಅಂಗೈಗಿಟ್ಟ.

"ಬಾಗಿಲು, ಸ್ವಾಮಿ."

ಪಿಳ್ಳೆಯೂ ಕೆಟ್ಟವನಲ್ಲ, ಆಡಿದ ಮಾತು ಮುರಿಯಲಿಲ್ಲ. ತಾನೇ ಹೋಗಿ ಎರಡೂ ಕದ ತೆರೆದ. ಕುದುರೆ ಲಾಯದವರು, ಮಾಲಿಗಳು, ಹಲಗೆಮನೆಯ ಮೇಜುಬಟ್ಟೆ ಒಗೆಯುತ್ತಿದ್ದ ನಮ್ಮಜ್ಜಿ, ಎಲ್ಲ ಒಳಗೆ ಬಂದರು. ಬರಿಗಾಲಿಗೆ ಆ ಹಲಗೆ ಬೆಣ್ಣೆಯ ಹಾಗಿತ್ತು ಅಂತ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಬ್ಯಾಂಡಿನವರಿಗೆ ಕೋಲಾಟದ ಮಟ್ಟು ಗೊತ್ತಿರಲಿಲ್ಲ. ಜಂಬಣ್ಣ ಹಾಡಿ ತೋರಿಸಿದ, ಅವರು ನುಡಿಸಿದರು, ಇವರು ಕುಣಿದರು.

ಬಹುಮಾನದ ಬೆಳ್ಳಿ ಬಟ್ಟಲು ಕೊಡೋಣವೆಂದು ಹುಡುಕಿದರೆ ಅವನಿಲ್ಲ. ಮತ್ತೆ ಬರಲೂ ಇಲ್ಲ ಅನ್ನುತ್ತಾರೆ. ಬಂದಿದ್ದರೂ ನಮಗೆ ಹೇಗೆ ತಿಳಿಯಬೇಕು?

ಈಗ ಆ ಬ್ಯಾಂಡಿಲ್ಲ, ಆ ದೊಡ್ಡ ಜನರೂ ಇಲ್ಲ. ಹಲಗೆ ಅಲ್ಲಲ್ಲಿ ಕುಸಿದಿದೆ. ಆದರೂ ಸೀಸನ್ನಿನ ಕೊನೆಗೆ ಊರವರೆಲ್ಲ ಅಲ್ಲಿ ಸೇರಿ ವೇಷ ಹಾಕುತ್ತೇವೆ, ಒಟ್ಟಿಗೆ ಉಣ್ಣುತ್ತೇವೆ. ಆವತ್ತು ಗುರುತಿಲ್ಲದ ಯಾರೇ ಬರಲಿ, ಹಾವು ಹಿಡಿಯುವವನಾಗಲಿ, ದಾರಿ ತಪ್ಪಿದ ಲಾರಿ ಡ್ರೈವರಾಗಲಿ, ಹೆಸರು ಕೇಳುವುದಿಲ್ಲ. ಮೊದಲ ಎಲೆ ಅವರಿಗೇ ಹಾಕುತ್ತೇವೆ.