ಕಡಲು ಪ್ರತಿ ಮಳೆಗಾಲ ಕಲ್ಲು ಹೊರಳಿಸುವುದೇಕೆ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಯಾವ ಕಡೆ ಹುಟ್ಟಬೇಕು, ಯಾವ ಕಡೆ ಮುಳುಗಬೇಕು ಅಂತ ಸೂರ್ಯನಿಗೆ ಆಗತಾನೆ ರೂಢಿಯಾಗುತ್ತಿತ್ತು.

ಆಗ ಕಡಲಮ್ಮ ಬಹಳ ಅಚ್ಚುಕಟ್ಟು. ದಡದಲ್ಲಿ ಒಂದು ಕಲ್ಲು ಇಟ್ಟಳೆಂದರೆ ಅದು ಅಲ್ಲೇ. ಮರಳು ಹಾಸಿದಳೆಂದರೆ ಅದೂ ಅಲ್ಲೇ. ನೀರು ದಿನಕ್ಕೆ ಎರಡು ಸಲ ಏರುತ್ತಿತ್ತು, ಎರಡು ಸಲ ಇಳಿಯುತ್ತಿತ್ತು. ಆದರೆ ಗೋಲಿಯಷ್ಟು ಸಣ್ಣ ಕಲ್ಲೂ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮಳೆಗಾಲ ಬಂದರೂ ಅಷ್ಟೇ. ಕಡಲಮ್ಮ ಮಳೆಯನ್ನು ಸದ್ದಿಲ್ಲದೆ ಮಡಿಲಿಗೆ ಹಾಕಿಕೊಂಡು ಸುಮ್ಮನಿದ್ದುಬಿಡುತ್ತಿದ್ದಳು.

ಆ ದಡದ ಕರಿಬಂಡೆಗಳ ನಡುವೆ ಒಂದು ಗುಳಿ ಇತ್ತು. ನಿನ್ನ ಶಾಲೆಯ ಒಂದು ಕೋಣೆಯಷ್ಟು ಅಗಲ. ಕಡಲು ಇಳಿದು ಹಿಂದೆ ಹೋದರೂ ಅದರಲ್ಲಿ ನೀರು ನಿಲ್ಲುತ್ತಿತ್ತು. ಒಳಗೆ ಕಲ್ಲಿನ ಮೇಲೆ ಕಲ್ಲು. ಕಲ್ಲು ಕಲ್ಲಿನ ನಡುವೆ ಸಂದು. ಒಂದೊಂದು ಸಂದಿಗೂ ಒಬ್ಬೊಬ್ಬರು ಯಜಮಾನರು.

ಪಡುವಣ ಮೂಲೆಯ ದೊಡ್ಡ ಸಂದು ಪಟ್ಟೆಮೀನು ಶೀನಣ್ಣನದು. ಅದು ಅವನ ಅಜ್ಜನ ಸಂದು, ಅಜ್ಜನ ಅಜ್ಜನ ಸಂದು. ಲೋಕ ಹೊಸದಿರಬಹುದು, ನಮ್ಮ ಸಂದು ಹಳೆಯದು ಅಂತ ಅವನು ಗಂಭೀರವಾಗಿ ಹೇಳುತ್ತಿದ್ದ. ದಿನಾ ಬೆಳಿಗ್ಗೆ ಬಾಲದಿಂದ ಅಂಗಳ ಗುಡಿಸುತ್ತಿದ್ದ.

ನಡುವಿನ ಸಪೂರ ಸಂದು ಸೀಗಡಿ ಗುಲಾಬಿಯಕ್ಕನದು. ಮೈಯೆಲ್ಲ ಒಳಗೆ, ಮೀಸೆ ಮಾತ್ರ ಹೊರಗೆ. ಆ ಮೀಸೆಗೆ ಸಿಗದ ಸುದ್ದಿ ಗುಳಿಯಲ್ಲಿ ಇರಲಿಲ್ಲ.

ಚಪ್ಪಟೆ ಕಲ್ಲಿನ ಅಡಿ ಏಡಿ ದುಗ್ಗಜ್ಜಿಯ ಮನೆ. ಅವಳು ಹುಟ್ಟಿದ್ದೂ ಅದರ ಕೆಳಗೆ, ಮುದುಕಿಯಾದದ್ದೂ ಅದರ ಕೆಳಗೆ. ಬೆನ್ನು ತಾಗಿ ತಾಗಿ ಆ ಕಲ್ಲಿಗೆ ಅವಳ ಬೆನ್ನಿನದೇ ಆಕಾರ ಬಂದಿತ್ತು.

ಯಾರೂ ವಾಸವಿಲ್ಲದ ಸಂದುಗಳೂ ಇದ್ದವು. ಅವಕ್ಕೂ ಯಜಮಾನರಿದ್ದರು. ಒಂದು ಮಧ್ಯಾಹ್ನ ಮಲಗುವುದಕ್ಕೆ, ಒಂದು ನೆಂಟರು ಬಂದರೆ ಬೇಕಾಗುತ್ತದೆ ಅಂತ, ಇನ್ನೊಂದು ಸುಮ್ಮನೆ ಇರಲಿ ಅಂತ.

ಒಂದು ದಿನ ಕಡಲಮ್ಮ ಬೊಗಸೆಯಲ್ಲಿ ಒಂದು ಪುಟ್ಟ ಮೀನನ್ನು ಹಿಡಿದುಕೊಂಡು ಬಂದಳು.

ಮೈ ಬಿಳಿ. ಬಿಳಿಯ ಮೇಲೆ ತಿಕ್ಕಿ ತೊಳೆದ ತಾಮ್ರದಂಥ ಪಟ್ಟಿಗಳು. ಮೂತಿ ಮಾತ್ರ ಉದ್ದ, ಹಕ್ಕಿಯ ಕೊಕ್ಕಿನ ಹಾಗೆ. ಹೆಸರು ತಾಮ್ರಿ. ಎಲ್ಲೋ ದೂರದ ಹವಳದ ಊರಿನವಳು. ದೊಡ್ಡದೊಂದು ಸುಳಿ ಅವಳನ್ನು ಎಳೆದು ತಂದು ಇಲ್ಲಿ ಬಿಟ್ಟುಬಿಟ್ಟಿತ್ತು. ವಾಪಸು ಹೋಗುವ ದಾರಿಯೂ ಅವಳಿಗೆ ಗೊತ್ತಿರಲಿಲ್ಲ, ಬಲವೂ ಇರಲಿಲ್ಲ.

ಕಡಲಮ್ಮ ಅವಳನ್ನು ಒಮ್ಮೆಗೇ ಗುಳಿಗೆ ಬಿಡಲಿಲ್ಲ. ಗುಳಿಯ ನೀರು ಬೇರೆ, ಹೊರಗಿನ ನೀರು ಬೇರೆ. ಬಿಸಿಲಿಗೆ ಕಾದು ಗುಳಿಯ ನೀರು ಬೆಚ್ಚಗಿರುತ್ತದೆ, ಉಪ್ಪೂ ಒಂದು ಚಿಟಿಕೆ ಹೆಚ್ಚು. ಅದಕ್ಕೆ ಕಡಲಮ್ಮ ಗುಳಿಯ ಅಂಚಿನಲ್ಲಿ ಕೂತು, ಬೊಗಸೆಯೊಳಕ್ಕೆ ಗುಳಿಯ ನೀರನ್ನು ಹನಿ ಹನಿಯಾಗಿ ಬೆರೆಸಿದಳು. ಒಂದು ಹನಿ, ಸ್ವಲ್ಪ ಹೊತ್ತು. ಇನ್ನೊಂದು ಹನಿ, ಇನ್ನೂ ಸ್ವಲ್ಪ ಹೊತ್ತು. ಅರ್ಧ ದಿನ ಹಾಗೇ ಕೂತಿದ್ದಳು. ತಾಮ್ರಿಯ ಉಸಿರು ನಿಧಾನವಾದ ಮೇಲೆ ಮೆಲ್ಲನೆ ಬೊಗಸೆ ಬಿಚ್ಚಿದಳು. ಇವಳನ್ನು ನೋಡಿಕೊಳ್ಳಿ ಅಂತ ಎಲ್ಲರಿಗೂ ಹೇಳಿ, ತನ್ನ ಕೆಲಸ ಮುಗಿಯಿತು ಅಂದುಕೊಂಡು ಹೊರಟುಹೋದಳು.

ಗುಳಿಯವರು ಕೆಟ್ಟವರಲ್ಲ. ಬಂದವಳಿಗೆ ಉಪಚಾರ ಮಾಡಬೇಕು ಅನ್ನುವುದು ಅವರಿಗೂ ಗೊತ್ತಿತ್ತು. ಶೀನಣ್ಣ ಎಳೆಯ ಪಾಚಿ ಕಿತ್ತು ತಂದ. ಗುಲಾಬಿಯಕ್ಕ ತಾನು ಎತ್ತಿಟ್ಟುಕೊಂಡಿದ್ದ ಮೀನಿನ ತುಣುಕು ತಂದಳು. ದುಗ್ಗಜ್ಜಿ ಸಿಂಪಿಯ ಮೆದು ಮಾಂಸ ಬಿಡಿಸಿ ಮುಂದಿಟ್ಟಳು.

ತಾಮ್ರಿ ಪಾಚಿಗೆ ಮೂತಿ ತಾಗಿಸಿದಳು, ಹಿಂದೆ ಸರಿದಳು. ತುಣುಕಿಗೆ ಮೂತಿ ತಾಗಿಸಿದಳು, ಹಿಂದೆ ಸರಿದಳು. ಸಿಂಪಿಗೂ ಅಷ್ಟೇ. ಆಮೇಲೆ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ನಾಲ್ಕನೆಯ ದಿನ ಗುಲಾಬಿಯಕ್ಕನ ಮೀಸೆ ಅಲ್ಲಾಡಿತು. ನಮ್ಮ ಅಡುಗೆ ಅವಳ ಗಂಟಲಲ್ಲಿ ಇಳಿಯುವುದಿಲ್ಲವಂತೆ, ಹವಳದ ಊರಿನ ರಾಜಕುಮಾರಿ ಅಲ್ಲವಾ ಅಂತ ಸುದ್ದಿ ಹಬ್ಬಿತು. ಸೂಜಿಮೂತಿ ಅಂತ ಹೆಸರೂ ಬಿತ್ತು. ಶೀನಣ್ಣನಂತೂ, ಪಾಚಿ ಕಿತ್ತ ನನ್ನ ಬಾಯಿ ಇನ್ನೂ ನೋಯುತ್ತಿದೆ ಅಂತ ಮೂರು ದಿನ ಹೇಳಿಕೊಂಡು ತಿರುಗಿದ.

ತಾಮ್ರಿ ಏನಾದರೂ ಒಂದು ಸಂದಿನ ಹತ್ತಿರ ಹೋದರೆ ಒಳಗಿನಿಂದ ಯಾರಾದರೂ ಬಾಲ ಬೀಸುತ್ತಿದ್ದರು. ಇಲ್ಲಿ ಅಲ್ಲ, ಆಚೆ. ಆಚೆ ಹೋದರೆ, ಇಲ್ಲಿ ಅಲ್ಲ, ಈಚೆ. ಕೊನೆಗೆ ಅವಳು ಕಲ್ಲೇ ಇಲ್ಲದ ಬರಿ ಮರಳಿನ ಮೂಲೆಯಲ್ಲಿ ನಿಂತುಬಿಟ್ಟಳು. ದಿನದಿಂದ ದಿನಕ್ಕೆ ಅವಳ ನೆತ್ತಿ ಒಳಕ್ಕೆ ಕುಗ್ಗಿತು. ತಾಮ್ರದ ಪಟ್ಟಿ ಮಂಕಾಗಿ, ನೆನೆದ ಹುಲ್ಲಿನ ಬಣ್ಣಕ್ಕೆ ಬಂತು. ಏಳನೆಯ ದಿನ ನೇರ ನಿಲ್ಲಲಾರದೆ ಒಂದು ಪಕ್ಕಕ್ಕೆ ವಾಲಿ ಈಜುತ್ತಿದ್ದಳು.

ದುಗ್ಗಜ್ಜಿ ಕಡಿಮೆ ಮಾತಿನವಳು. ಮಾತಾಡದವರಿಗೆ ನೋಡುವುದಕ್ಕೆ ಹೊತ್ತು ಜಾಸ್ತಿ ಸಿಗುತ್ತದೆ. ಆ ದಿನ ಅವಳು ನೋಡಿದಳು. ಮರಳಿನಲ್ಲಿ ಬಿದ್ದಿದ್ದ ಒಂದು ಹಳೆಯ ಚಿಪ್ಪಿನ ತೂತಿಗೆ ತಾಮ್ರಿ ಮೂತಿ ಹಾಕಿದಳು. ಕೂದಲೆಳೆಯಷ್ಟು ಸಣ್ಣ ಹುಳುವೊಂದನ್ನು ಎಳೆದಳು. ನುಂಗಿದಳು.

ದುಗ್ಗಜ್ಜಿ ಪಕ್ಕಕ್ಕೆ ಪಕ್ಕಕ್ಕೆ ನಡೆದು ಹತ್ತಿರ ಹೋದಳು.

"ಬಾಯಿ ತೆರೆ ಮಗಾ, ನೋಡುವಾ."

ತಾಮ್ರಿ ಬಾಯಿ ತೆರೆದಳು. ಅದು ಎಳ್ಳುಕಾಳಿನಷ್ಟು ಇತ್ತು.

ದುಗ್ಗಜ್ಜಿ ಇನ್ನೂ ಹತ್ತಿರ ಬಗ್ಗಿ ನೋಡಿದಳು. ಆಮೇಲೆ, ಮೊದಲ ದಿನ ನೀನು ಏನೋ ಹೇಳಿದೆಯಲ್ಲ, ಏನು ಅಂತ ಕೇಳಿದಳು.

"ಸಂದಿನೊಳಗಿನ ಹುಳು ಮಾತ್ರ ನನ್ನ ಬಾಯಿಗೆ ಹೋಗುತ್ತದೆ ಅಂದೆ ಅಜ್ಜಿ. ಯಾರದ್ದಾದರೂ ಸಂದಿನಲ್ಲಿ ಸ್ವಲ್ಪ ಹುಡುಕಲಾ ಅಂತ ಕೇಳಿದೆ."

ದುಗ್ಗಜ್ಜಿ ಎಲ್ಲರನ್ನೂ ಕರೆದು ಹೇಳಿದಳು. ಎಲ್ಲರಿಗೂ ಅಯ್ಯೋ ಅನ್ನಿಸಿತು. ಮಗುವಿಗೆ ಹಸಿವು, ಹುಡುಕಿ ತಿನ್ನಲಿ ಅಂತ ಒಬ್ಬರಿಗಿಂತ ಒಬ್ಬರು ಮುಂಚೆ ಒಪ್ಪಿದರು. ಯಾರ ಸಂದಿನಲ್ಲಿ ಅನ್ನುವ ಮಾತು ಬಂದಾಗ ಮಾತ್ರ ಗುಳಿ ತಣ್ಣಗಾಯಿತು. ಶೀನಣ್ಣನ ಅಂಗಳ ಈಗಷ್ಟೇ ಗುಡಿಸಿ ಆಗಿತ್ತು. ಗುಲಾಬಿಯಕ್ಕ ಹಳೆಯ ಚಿಪ್ಪು ಕಳಚಿ, ಹೊಸದು ಗಟ್ಟಿಯಾಗಲಿ ಅಂತ ಕೂತಿದ್ದಳು, ಈ ವಾರ ಯಾರನ್ನೂ ಒಳಗೆ ಕರೆಯುವ ಹಾಗಿರಲಿಲ್ಲ. ಸುಮ್ಮನೆ ಇರಲಿ ಅಂತ ಇಟ್ಟುಕೊಂಡ ಸಂದಿನ ಯಜಮಾನರು, ಅದು ಸುಮ್ಮನೆ ಇರಲಿ ಅಂತ ಇರುವುದಲ್ಲವಾ ಅಂದರು.

ದುಗ್ಗಜ್ಜಿ ತನ್ನ ಕಲ್ಲಿನ ಅಡಿಗೇ ತಾಮ್ರಿಯನ್ನು ಕರೆದುಕೊಂಡು ಹೋದಳು. ಅಲ್ಲಿ ಎರಡೇ ಹುಳು ಸಿಕ್ಕವು. ಇಷ್ಟು ವರ್ಷ ಅಲ್ಲಿದ್ದದ್ದನ್ನೆಲ್ಲ ದುಗ್ಗಜ್ಜಿಯೇ ತಿಂದು ಮುಗಿಸಿದ್ದಳು.

ಇನ್ನೆರಡು ದಿನ ಹೀಗಾದರೆ ಮಗು ಉಳಿಯುವುದಿಲ್ಲ ಅಂತ ದುಗ್ಗಜ್ಜಿಗೆ ಗೊತ್ತಾಯಿತು. ಅವಳು ಗುಳಿಯಿಂದ ಮೇಲೆ ಹತ್ತಿದಳು. ಬಿಸಿಲಿಗೆ ಸುಡುವ ಬಂಡೆಯ ಮೇಲೆ ಪಕ್ಕಕ್ಕೆ ಪಕ್ಕಕ್ಕೆ ನಡೆದು ನೀರಿನ ಅಂಚಿಗೆ ಬಂದಳು.

"ಯಾಕೆ ದುಗ್ಗಿ, ಇಷ್ಟು ದೂರ?" ಅಂದಳು ಕಡಲಮ್ಮ. ಅವಳನ್ನು ದುಗ್ಗಿ ಅಂತ ಕರೆಯುವಷ್ಟು ವಯಸ್ಸಾದವರು ಕಡಲಮ್ಮನ ಬಿಟ್ಟು ಬೇರೆ ಯಾರೂ ಇರಲಿಲ್ಲ.

ದುಗ್ಗಜ್ಜಿ ಎಲ್ಲವನ್ನೂ ಹೇಳಿದಳು. ಕಡಲಮ್ಮನಿಗೆ ಅರ್ಥವಾಗಲಿಲ್ಲ. ನೀರು ಹೊಂದಿಸಿಯೇ ಬಿಟ್ಟಿದ್ದೆನಲ್ಲ ಅಂದಳು.

"ನೀರು ಹೊಂದಿತು ಕಡಲಮ್ಮ. ನಾವು ಹೊಂದಲಿಲ್ಲ."

ಕಡಲಮ್ಮನಿಗೆ ಸಿಟ್ಟು ಬಂತು. ಈಗಲೇ ಬಂದು ಎಲ್ಲರಿಗೂ ಸಂದು ಬಿಟ್ಟುಕೊಡಿ ಅಂತ ಅಪ್ಪಣೆ ಮಾಡುತ್ತೇನೆ ಅಂತ ಎದ್ದಳು. ಅಲ್ಲೇ ಸುಳಿಯುತ್ತಿದ್ದ ಪಡುಗಾಳಿ ಅವಳನ್ನು ತಡೆಯಿತು. ನೀನು ನೋಡುತ್ತಿರುವಷ್ಟು ಹೊತ್ತು ಕೊಡುತ್ತಾರೆ, ನೀನು ಇಳಿದ ಕೂಡಲೇ ಬಾಲ ಬೀಸುತ್ತಾರೆ ಅಂದಿತು. ಗಾಳಿ ಎಲ್ಲರ ಮನೆ ಹೊಕ್ಕು ಬರುವಂಥದ್ದು, ಅದಕ್ಕೆ ಗೊತ್ತಿರುತ್ತದೆ.

ಕಡಲಮ್ಮ ಯೋಚಿಸಿದಳು. "ದುಗ್ಗಿ, ನಿಮ್ಮ ಗುಳಿಯಲ್ಲಿ ಯಾರಾದರೂ ಯಾವತ್ತಾದರೂ ಒಂದು ಜಾಗಕ್ಕೆ ಹೊಸಬರಾಗಿ ಹೋಗಿದ್ದೀರಾ?"

"ಇಲ್ಲ. ಎಲ್ಲರೂ ಅಲ್ಲೇ ಹುಟ್ಟಿದ್ದು."

"ಹಾಗಾದರೆ ನಾನು ಕಲ್ಲು ಹೊರಳಿಸಬೇಕಾಗುತ್ತದೆ."

ದುಗ್ಗಜ್ಜಿಯ ಕಾಲುಗಳೆಲ್ಲ ಒಮ್ಮೆ ನಿಂತವು. "ನನ್ನ ಕಲ್ಲೂ ಹೋಗುತ್ತದಾ?"

"ಹೋಗುತ್ತದೆ ದುಗ್ಗಿ."

ದುಗ್ಗಜ್ಜಿ ಗುಳಿಯ ಕಡೆ ಒಮ್ಮೆ ನೋಡಿದಳು. ಆಮೇಲೆ, "ಹೋಗಲಿ" ಅಂದಳು.

ಅವತ್ತೇ ಪಡುವಣದಲ್ಲಿ ಮೋಡ ಕಪ್ಪಾಯಿತು. ಪಡುಗಾಳಿ ಸೆರಗು ಕಟ್ಟಿ ನಿಂತಿತು. ಅಲ್ಲಿಯವರೆಗೆ ದನಿ ಎತ್ತದ ಕಡಲಮ್ಮ ಮೊದಲ ಸಲ ಗುಡುಗಿದಳು. ಒಂದು ಅಲೆ ಗುಳಿಯೊಳಗೆ ಇಳಿಯಿತು, ಇನ್ನೊಂದು ಇಳಿಯಿತು. ಪಾಯಸ ತಳ ಹಿಡಿಯದ ಹಾಗೆ ಕೈಯಾಡಿಸುತ್ತಾರಲ್ಲ, ಹಾಗೆ ಕಡಲಮ್ಮ ಇಡೀ ಗುಳಿಯನ್ನು ಕೈಯಾಡಿಸಿದಳು. ಮೇಲಿನ ಕಲ್ಲು ಕೆಳಗೆ, ಕೆಳಗಿನ ಕಲ್ಲು ಮೇಲೆ. ಯಾರಿಗೂ ಪೆಟ್ಟಾಗದ ಹಾಗೆ ಅವರನ್ನೆಲ್ಲ ಒಂದು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಹೊರಳಿಸಿದಳು.

ನೀರು ತಿಳಿಯಾದಾಗ ಯಾರಿಗೂ ಏನೂ ಗುರುತು ಹತ್ತಲಿಲ್ಲ.

ಶೀನಣ್ಣ ಪಡುವಣ ಮೂಲೆಗೆ ಓಡಿದ. ಅಲ್ಲಿ ಬರಿ ಮರಳು. ಅವನ ಅಜ್ಜನ ಸಂದು ನಡುಗುಳಿಯಲ್ಲಿ ತಲೆಕೆಳಗಾಗಿ ಬಿದ್ದು, ಆಕಾಶಕ್ಕೆ ಬಾಯಿ ತೆರೆದಿತ್ತು. ದುಗ್ಗಜ್ಜಿಯ ಚಪ್ಪಟೆ ಕಲ್ಲು ಆಳದ ಕಡಲಿಗೇ ಹೋಗಿಬಿಟ್ಟಿತ್ತು. ಆಮೇಲೆ ಅದನ್ನು ಯಾರೂ ನೋಡಲಿಲ್ಲ.

ಎಲ್ಲರೂ ನಡುವೆ ಒತ್ತೊತ್ತಾಗಿ ನಿಂತರು. ಸುತ್ತ ಬೇಕಾದಷ್ಟು ಸಂದುಗಳಿದ್ದವು. ಆದರೆ ಒಳಗೆ ಹೋಗುವುದು ಹೇಗೆ ಅಂತ ಯಾರಿಗೂ ತಿಳಿಯಲಿಲ್ಲ. ತಮ್ಮದಲ್ಲದ ಬಾಗಿಲಲ್ಲಿ ಅವರು ಯಾವತ್ತೂ ನಿಂತಿರಲಿಲ್ಲ. ಶೀನಣ್ಣ ಒಂದು ಸಂದಿನ ಮುಂದೆ ಹೋಗುವುದು, ವಾಪಸು ಬರುವುದು. ಮತ್ತೆ ಹೋಗುವುದು, ಮತ್ತೆ ಬರುವುದು.

ತಾಮ್ರಿ ಮೆಲ್ಲನೆ ವಾಲುತ್ತಾ ಅವನ ಪಕ್ಕಕ್ಕೆ ಬಂದಳು. ಅವಳಿಗೆ ಅದು ದಿನಾ ಮಾಡಿ ಅಭ್ಯಾಸವಾದ ಕೆಲಸ.

"ಬಾಗಿಲಲ್ಲಿ ಸ್ವಲ್ಪ ನಿಲ್ಲಬೇಕು ಶೀನಣ್ಣ. ಒಳಗೆ ಯಾರಾದರೂ ಇದ್ದೀರಾ, ಬರಲಾ ಅಂತ ಕೇಳಬೇಕು. ಅಷ್ಟೇ."

ಶೀನಣ್ಣ ಗಂಟಲು ಸರಿಮಾಡಿಕೊಂಡ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ, ಕೇಳಿಸಿಯೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದ. "ಒಳಗೆ ಯಾರಾದರೂ... ಬರಲಾ?"

ಚಿಪ್ಪು ಗಟ್ಟಿಯಾಗದ ಮೈ ಅಡಗಿಸಲು ಯಾರನ್ನೂ ಕೇಳದೆ ಆಗಲೇ ಅಲ್ಲಿ ನುಗ್ಗಿದ್ದ ಗುಲಾಬಿಯಕ್ಕನ ದನಿ ಒಳಗಿನಿಂದ ಬಂತು. "ಬಾ ಮಾರಾಯ. ನನಗೂ ಇದು ಯಾರ ಮನೆಯೋ ಗೊತ್ತಿಲ್ಲ. ಆ ಬಾಲ ಮಾತ್ರ ಬೀಸಬೇಡ, ಜಾಗ ಕಡಿಮೆ."

ಶೀನಣ್ಣ ಒಳಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದ. ತಾಮ್ರಿ ಬಾಗಿಲಲ್ಲೇ ನಿಂತಿದ್ದಳು. ಕೇಳಿಯಾಗಿತ್ತೋ, ಕೇಳಲು ಬಲವೇ ಉಳಿದಿರಲಿಲ್ಲವೋ, ಸುಮ್ಮನೆ ನಿಂತಿದ್ದಳು.

ಅಂಗಳ ಗುಡಿಸಿದೆ ಅನ್ನೋಣವೆಂದರೆ ಶೀನಣ್ಣನಿಗೆ ಅಂಗಳವೇ ಇರಲಿಲ್ಲ.

"ಬಾ ಮಗಾ," ಅಂದ. "ಇಲ್ಲಿ ಏನಿದೆ, ಏನಿಲ್ಲ, ನನಗೂ ಗೊತ್ತಿಲ್ಲ. ನೀನೇ ನೋಡು." ಮೈ ಒತ್ತಿಕೊಂಡು ದಾರಿ ಬಿಟ್ಟ.

ತಾಮ್ರಿ ಕಲ್ಲಿನ ಬಿರುಕಿಗೆ ಉದ್ದ ಮೂತಿ ಹಾಕಿದಳು. ಗುಳಿಯೆಲ್ಲ ಬಾಗಿಲಿಗೆ ಮುತ್ತಿ ನೋಡುತ್ತಿತ್ತು. ದಾರದಂಥ ಕೆಂಪು ಹುಳುವೊಂದು ಹೊರಬಂತು. ಅವಳು ನುಂಗಿದಳು. ಮತ್ತೆ ಮೂತಿ ಹಾಕಿದಳು. ಇನ್ನೊಂದು. ಹೊರಳಿದ ಕಲ್ಲುಗಳಲ್ಲಿ ಎಷ್ಟೋ ವರ್ಷದಿಂದ ಯಾರಿಗೂ ಸಿಗದಿದ್ದ ಹುಳುಗಳೆಲ್ಲ ಮೇಲಕ್ಕೆ ಬಂದಿದ್ದವು.

ಮೂರನೆಯದನ್ನು ನುಂಗುವಾಗ ಅವಳು ನೇರವಾಗಿ ನಿಂತಳು. ಗುಲಾಬಿಯಕ್ಕ ಮೀಸೆಯಿಂದ ಕಣ್ಣೊರೆಸಿಕೊಂಡು, ನೋಡಿ, ನಾನು ಆವತ್ತೇ ಹೇಳಿದ್ದೆ ಅಂದಳು. ಏನು ಹೇಳಿದ್ದಳು ಅಂತ ಯಾರೂ ಕೇಳಲಿಲ್ಲ.

ಹದಿನೈದು ದಿನದಲ್ಲಿ ತಾಮ್ರದ ಪಟ್ಟಿ ಮತ್ತೆ ಹೊಳೆಯಿತು. ದುಗ್ಗಜ್ಜಿ ಒಂದೊಂದು ವಾರ ಒಬ್ಬೊಬ್ಬರ ಸಂದಿನಲ್ಲಿ ಇರುತ್ತಿದ್ದಳು. ಬೆನ್ನಿಗೆ ಸರಿಯಾದ ಕಲ್ಲು ಅವಳಿಗೆ ಆಮೇಲೆ ಸಿಗಲೇ ಇಲ್ಲ. ಬೆಳಿಗ್ಗೆ ತಾಮ್ರಿ ಬಂದು ಆ ಬೆನ್ನಿನ ಗೀರುಗಳಲ್ಲಿ ಮೂತಿಯಾಡಿಸಿ ಚೊಕ್ಕ ಮಾಡಿಕೊಡುವಾಗ ಮಾತ್ರ ಅವಳು ಕಣ್ಣು ಮುಚ್ಚಿ, ಕಲ್ಲಿನ ಅಡಿಯಲ್ಲಿ ಇದ್ದ ಹಾಗೇ ಇರುತ್ತಿದ್ದಳು.

ಮಳೆ ಮುಗಿಯಿತು. ಚಳಿ ಬಂತು, ಬೇಸಿಗೆ ಬಂತು. ಒಂದು ಬೆಳಿಗ್ಗೆ ಶೀನಣ್ಣ ಹೊಸ ಸಂದಿನ ಮುಂದೆ ಬಾಲದಿಂದ ಅಂಗಳ ಗುಡಿಸುತ್ತಿದ್ದ. ದಾರಿಯಲ್ಲಿ ಬಂದ ಸಣ್ಣ ಸೀಗಡಿಮರಿಗೆ, ಇಲ್ಲಿ ಅಲ್ಲ, ಆಚೆ ಅಂದ.

ಕಡಲಮ್ಮ ದೂರದಿಂದ ನೋಡಿದಳು. ಸಿಟ್ಟು ಬರಲಿಲ್ಲ, ನಗು ಬಂತು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಅಂತ ಪಡುಗಾಳಿಗೆ ಹೇಳಿ, ಮೋಡ ಕರೆದುಕೊಂಡು ಬಾ ಅಂತ ಕಳಿಸಿದಳು.

ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಮೀನು ಸಾಕುವವರೂ ಹೊಸ ಮೀನನ್ನು ಬಿಡುವ ಮೊದಲು ನೀರನ್ನು ಹನಿ ಹನಿಯಾಗಿ ಹೊಂದಿಸಿ, ಒಳಗಿನ ಕಲ್ಲುಗಳನ್ನೂ ಆಚೆ ಈಚೆ ಮಾಡಿಡುವುದುಂಟು. ಅವರಿಗೆ ಈ ಕತೆ ಗೊತ್ತೋ ಇಲ್ಲವೋ. ಕಡಲಮ್ಮನಂತೂ ಮರೆತಿಲ್ಲ. ಅದಕ್ಕೇ ಪ್ರತಿ ಮಳೆಗಾಲದಲ್ಲಿ ಅವಳು ಅಷ್ಟು ದೊಡ್ಡ ದನಿ ಮಾಡಿ ಕಲ್ಲು ಹೊರಳಿಸುತ್ತಾಳೆ, ಮರಳು ಎಳೆದುಕೊಳ್ಳುತ್ತಾಳೆ. ಮಳೆ ನಿಂತ ಮೇಲೆ ನೀನು ದಡಕ್ಕೆ ಹೋದರೆ ಹೋದ ವರ್ಷ ನೀನು ಕೂತಿದ್ದ ಕಲ್ಲು ಅಲ್ಲಿರುವುದಿಲ್ಲ, ಮತ್ತು ಹೊಸ ಸಂದಿನ ಬಾಗಿಲಲ್ಲಿ ಒಂದು ಏಡಿ ಕಣ್ಣೆತ್ತಿಕೊಂಡು, ಒಳಗೆ ಹೋಗದೆ, ಸ್ವಲ್ಪ ಹೊತ್ತು ನಿಂತಿರುತ್ತದೆ.